ಮುಂಬಯಿ ಲೈನು

"ಮುಂಬಯಿ ಲೈನು ಬಿಜಿ ಐತ್ರಿ."

"ಇನ್ನೊಮ್ಮೆ ಹೇಳ್ರಿ."

"ಬಿಜಿ ಐತಿ ಅಂದೆನಲ್ರೀ."

"ಹಂಗ ಅಲ್ರಿ, ಮೊದಲ ಹೇಳಿದಂಗ..."

ಕಾಂತಾ ಫಟ್ಟನೆ ಪ್ಲಗ್ಗು ಕಿತ್ತಳು. ಖಾನಾಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆರು ವರ್ಷದಿಂದ ಕೂತವಳಿಗೆ ಇಂಥ ಗಂಡಸರೇನೂ ಹೊಸಬರಲ್ಲ.

ಮರುದಿನ ಆತ ಎಕ್ಸ್‌ಚೇಂಜಿನ ಮೆಟ್ಟಿಲ ಬಳಿಯೇ ಎದುರಾದ. ತೆಳ್ಳಗಿನ ಮನುಷ್ಯ, ಕೈಯಲ್ಲಿ ಸ್ಯಾಕ್ಸೋಫೋನಿನ ಪೆಟ್ಟಿಗೆ.

"ನಾ ಕಲಂದರ ಅಂತ್ರಿ. ನಿನ್ನೆ ನಿಮ್ಮ ಕಡೆ ಬೈಸಿಕೊಂಡಾಂವ."

"ನಾ ಎಲ್ಲಿ ಬೈದೆ?"

"ಬೈದಿದ್ರ ಛಲೋ ಇತ್ತು. ಅದರಾಗೂ ತಾಳ ಇರತಿತ್ತು."

ನಗು ಕಾಣದಿರಲೆಂದು ಅವಳು ಸೆರಗು ಸರಿಪಡಿಸುವ ನೆಪದಲ್ಲಿ ಮುಖ ತಿರುಗಿಸಿದಳು. ಆತ ಅದನ್ನು ನೋಡಿಯೇ ಬಿಟ್ಟಿದ್ದ.

ಬೆಳಗಾವಿಯ ದಂಡಿನ ಪ್ರದೇಶವಾದ ಕ್ಯಾಂಪಿನಲ್ಲಿ ಹುಟ್ಟಿದ ಕಲಂದರ ಒಬ್ಬ ಮುದಿ ಬ್ಯಾಂಡ್‌ಮಾಸ್ಟರನಿಂದ ಜಾಝ್ ಕಲಿತು, ಮುಂಬಯಿಯ ಹೋಟೆಲುಗಳಲ್ಲಿ ಹತ್ತು ವರ್ಷ ನುಡಿಸಿದವನು. ಡಿಸ್ಕೊ ಬಂದದ್ದೇ ಆತನ ಬ್ಯಾಂಡು ಮನೆ ಸೇರಿತು. ೧೯೮೫ರಲ್ಲಿ ಬೆಳಗಾವಿಗೆ ಮರಳಿದಾಗ, ಅಲ್ಲಿನ ನೆಹರು ನಗರದಲ್ಲಿ ಡಾಕ್ಟರಿಕೆ ಓದುತ್ತಿದ್ದ ಆಫ್ರಿಕಾದವನೊಬ್ಬ ಎರಡು ಕ್ಯಾಸೆಟ್ ಕೊಟ್ಟ. ಒಂದರಲ್ಲಿ ಎದೆ ಬಿರಿಯುವಂತೆ ಹಾಡುವ ಸೋಲ್ ಸಂಗೀತ. ಇನ್ನೊಂದರಲ್ಲಿ ತಾಳದ ಮೇಲೆ ಬರೀ ಮಾತಾಡುವ ಹಿಪ್ ಹಾಪ್. ಎರಡನ್ನೂ ತನ್ನ ಜಾಝಿಗೆ ಬೆರೆಸುವ ಹುಚ್ಚು ಆತನಿಗೆ ಹಿಡಿಯಿತು.

"ಮಾತಾಡೂ ದನಿ ಒಂದು ಬೇಕಾಗೇತ್ರಿ," ಎಂದ ಕಾಂತಾಗೆ, ಅದೇ ಮೆಟ್ಟಿಲ ಬಳಿ. "ನಿಮ್ಮದು."

ಖಾನಾಪುರದಲ್ಲಿ ಆತನ ಅಕ್ಕ ರಾಜಬೀಯ ಮನೆಯ ಹಿಂದೆ ಹಂಚು ಒಣಗಿಸುವ ಹಳೆಯ ಶೆಡ್ಡಿತ್ತು. ರಾಜಬೀ ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂಡುತ್ತಿದ್ದಳು. ಒಳಗೆ ಪ್ರತಿ ಭಾನುವಾರ ಕಾಂತಾ ತಾನೇ ಕಟ್ಟಿದ ಸಾಲು ಹೇಳುತ್ತಿದ್ದಳು: "ಯಾರು ಬೇಕ್ರಿ? ಯಾವೂರ್ರಿ? ಎಷ್ಟೊತ್ತು ಕಾಯ್ತೀರಿ?" ಸ್ಯಾಕ್ಸೋಫೋನು ಉತ್ತರ ಕೊಡುತ್ತಿತ್ತು. ನುಡಿಸಿ ಮುಗಿದ ಮೇಲೂ ಆತನ ಕಣ್ಣು ಅವಳ ತುಟಿಯ ಮೇಲೇ ಇರುತ್ತಿತ್ತು. ಅವಳು ಬೇಕೆಂದೇ ಗಮನಿಸದವಳಂತೆ ಇರುತ್ತಿದ್ದಳು.

ಆ ವರ್ಷದ ಮಳೆಗಾಲದಲ್ಲಿ ಕಾಂತಾಳ ಅಪ್ಪ ಗುರುಪಾದಪ್ಪ ಅವಳಿಗೆ ಬೈಲಹೊಂಗಲದ ಗಂಡನ್ನು ಗೊತ್ತು ಮಾಡಿದ. ಕಾಂತಾ ಒಲ್ಲೆನೆಂದಳು. ಅಂದಿನಿಂದ ಅಪ್ಪ ಅವಳ ಜೊತೆ ಮಾತು ಬಿಟ್ಟ.

ಶೆಡ್ಡಿನಲ್ಲಿ ಇಬ್ಬರೂ ಸೇರಿ ಮಾಡಿದ ಟೇಪು ಮುಂಬಯಿಯ ಒಂದು ಕ್ಯಾಸೆಟ್ ಕಂಪನಿಗೆ ಹೋಯಿತು. ದೀಪಾವಳಿಯ ಮರುವಾರ, ಫೋನ್ ಮಾಡು ಎಂದು ಕಂಪನಿಯ ಕಾಗದ ಬಂತು. ಕಲಂದರ ಹಂಚಿನ ಕಾರ್ಖಾನೆಯ ಫೋನಿನಿಂದ ಟ್ರಂಕ್ ಕಾಲ್ ಬುಕ್ ಮಾಡಿದ. ಲೈನು ಕೊಟ್ಟವಳು ಕಾಂತಾ. ಕದ್ದು ಕೇಳಬಾರದೆಂಬ ನಿಯಮ ಅವಳಿಗೆ ಗೊತ್ತಿತ್ತು. ಆದರೂ ಹೆಡ್‌ಫೋನ್ ತೆಗೆಯಲಿಲ್ಲ.

ಕಂಪನಿಯವನು ಹಿಂದಿಯಲ್ಲಿ ಹೇಳಿದ: ಸ್ಯಾಕ್ಸೋಫೋನು ಅದ್ಭುತ. ಆ ಹೆಂಗಸಿನ ದನಿ ಮಾತ್ರ ಬೇಡ. ಇಲ್ಲಿನ ಹುಡುಗಿ ಅದನ್ನೇ ಇಂಗ್ಲಿಷಿನಲ್ಲಿ ಹೇಳುತ್ತಾಳೆ. ಒಪ್ಪಿದರೆ ಸೋಮವಾರ ರೆಕಾರ್ಡಿಂಗ್.

ಕಾಂತಾಳ ಬೆರಳು ಪ್ಲಗ್ಗಿನ ಮೇಲಿತ್ತು. ಕಿತ್ತರೆ ಮುಗಿಯುತ್ತಿತ್ತು. ಆತನೇ ಒಲ್ಲೆನೆನ್ನಲಿ ಎಂದು ಕಾದಳು.

"ಠೀಕ್ ಹೈ," ಎಂದ ಕಲಂದರ. "ಆ ದನಿ ತೆಗೆದುಬಿಡಿ."

"ಮೂರು ನಿಮಿಷ ಆತ್ರಿ," ಎಂದಳು ಕಾಂತಾ, ಟ್ರಂಕ್ ಕಾಲಿನ ರೂಢಿಯಂತೆ. "ಮುಂದುವರಸಬೇಕೇನ್ರಿ?"

ಅವಳು ಎಲ್ಲ ಕೇಳಿದ್ದಾಳೆಂದು ತಿಳಿದು ಕಲಂದರ ಫೋನ್ ಇಟ್ಟುಬಿಟ್ಟ.

ಡ್ಯೂಟಿ ಮುಗಿಸಿ ಹೊರಬಂದಾಗ ಆತ ಮೆಟ್ಟಿಲ ಕೆಳಗೆ ನಿಂತಿದ್ದ.

"ನಲವತ್ತು ತುಂಬ್ಯಾವ್ರಿ ನನಗ. ಮತ್ತೊಮ್ಮೆ ಯಾರೂ ಕರಿಯಂಗಿಲ್ಲ."

"ಗೊತ್ತೈತಿ."

"ನೀವೂ ಬರ್ರಿ. ರಜಿಸ್ಟರ್ ಲಗ್ನ ಆಗೂಣು. ನಿಮ್ಮ ಮ್ಯಾಲೆ ಜೀವಾನ ಇಟ್ಟೀನ್ರಿ, ಕಾಂತಾ."

ಎಂಟು ತಿಂಗಳಿಂದ ಅವಳು ಕಾದಿದ್ದ ಮಾತು ಅದು.

"ನಿಮ್ಮ ಸಲುವಾಗಿ ನಮ್ಮಪ್ಪಗ ಒಲ್ಲೆ ಅಂದೀನಿ," ಎಂದಳು. "ನನ್ನ ಸಲುವಾಗಿ ನೀವು ಒಂದ ಸಲಾನೂ ಒಲ್ಲೆ ಅನ್ನಲಿಲ್ಲ."

ಭಾನುವಾರದ ಮುಂಬಯಿ ಗಾಡಿಗೆ ಕಲಂದರ ಒಬ್ಬನೇ ಹೋದ.

ಮರುವರ್ಷ ಬೆಳಗಾವಿ ಕ್ಯಾಂಪಿನ ಕ್ಯಾಸೆಟ್ ಅಂಗಡಿಯ ಮುಂದೆ ಹೋಗುವಾಗ ಕಾಂತಾ ತಟ್ಟನೆ ನಿಂತಳು. ಆತನ ಸ್ಯಾಕ್ಸೋಫೋನು. ಜೊತೆಗೆ ಇಂಗ್ಲಿಷಿನಲ್ಲಿ ಮಾತಾಡುವ ಹೆಣ್ಣುದನಿ. ಮಾತು ಬೇರೆ, ಆದರೆ ಎಲ್ಲಿ ತಡೆಯಬೇಕು, ಎಲ್ಲಿ ಉಸಿರು ಎಳೆದುಕೊಳ್ಳಬೇಕು, ಎಲ್ಲವೂ ಅವಳದೇ. ಆತ ಆ ಹುಡುಗಿಗೆ ಕೂತು ಒಂದೊಂದಾಗಿ ಕಲಿಸಿರಬೇಕು.

"ಯಾರ ದನಿರೀ ಇದು?" ಎಂದು ಕೇಳಿದಳು.

"ಯಾರೋ ಮುಂಬಯಿಯಾಕಿ ಅಂತ್ರಿ," ಎಂದ ಅಂಗಡಿಯವನು.

"ಛಲೋ ಐತಿ," ಎಂದು ಕಾಂತಾ ಖಾನಾಪುರದ ಬಸ್ಸಿಗೆ ನಡೆದಳು.