ಹೊಟ್ಟೆ ತುಂಬಿದ ಮೇಕೆಗಳು

"ಬೇಗ ಬೇಗ ನುಂಗು ಪುಟ್ಟೀ... ನಿಮ್ಮಮ್ಮ ಬರೋ ಹೊತ್ತಾಯ್ತು! ಇನ್ನೊಂದೇ ಒಂದು ತುತ್ತು, ನನ್ನ ಬಂಗಾರ ಅಲ್ವಾ!"

ಹಿತ್ತಲ ಬಾಗಿಲಲ್ಲಿ ಚಪ್ಪಲಿ ಬಿಡಲು ಬಗ್ಗಿದ್ದ ಸೊಸೆ ಬಗ್ಗಿದಂತೆಯೇ ನಿಂತುಬಿಟ್ಟಳು. ಅವಳು ಕೆಲಸ ಮಾಡುವ ಬ್ರೆಡ್ ಕಾರ್ಖಾನೆಯಲ್ಲಿ ಅಂದು ದೊಡ್ಡ ಒಲೆ ಕೆಟ್ಟು ಕೂತಿತ್ತು, ಪ್ಯಾಕಿಂಗ್ ವಿಭಾಗದವರನ್ನೆಲ್ಲ ಬೇಗನೆ ಮನೆಗೆ ಕಳಿಸಿದ್ದರು. ಅಡುಗೆಮನೆಯ ಕಿಟಕಿಯಿಂದ ಒಳಗಿನದೆಲ್ಲ ಕಾಣುತ್ತಿತ್ತು. ಅತ್ತೆ ತಟ್ಟೆ ಹಿಡಿದು ಮೊಮ್ಮಗಳ ಬಾಯಿಗೆ ತುತ್ತಿನ ಮೇಲೆ ತುತ್ತು ತುರುಕುತ್ತಿದ್ದರು. ಐದು ವರ್ಷದ ಮಗು ಕೆನ್ನೆ ಉಬ್ಬಿಸಿಕೊಂಡು "ಸಾಕಜ್ಜೀ" ಎಂದರೂ ಕೇಳುವವರಿಲ್ಲ. ತಟ್ಟೆ ಬರಿದಾದ ಮೇಲೆ ಅದನ್ನು ತೊಳೆದು, ಒರೆಸಿ, ಕಪಾಟಿನಲ್ಲಿ ಮೊದಲಿದ್ದ ಜಾಗದಲ್ಲೇ ಇಟ್ಟರು. ಮಗುವಿನ ಬಾಯಿಯನ್ನೂ ಒರೆಸಿದರು. ಆಮೇಲೆ ಕಿವಿಯ ಹತ್ತಿರ ಬಗ್ಗಿ, "ಅಮ್ಮ ತುತ್ತು ಕೊಡೋಕೆ ಬಂದ್ರೆ ಬೇಡ ಅನ್ನು, ಆಯ್ತಾ?" ಎಂದರು.

ಎರಡು ವರ್ಷ! ಎರಡು ವರ್ಷದಿಂದ ಅವಳು ದಿನಾ ಸಂಜೆ ಓಡೋಡಿ ಬಂದು, ಕೈಕಾಲು ತೊಳೆದು, ಮಗಳ ಮುಂದೆ ತಟ್ಟೆ ಹಿಡಿದು ಕೂರುತ್ತಿದ್ದಳು. ದಿನಾ ಆ ಪುಟ್ಟ ಮುಖ ಗೋಡೆಯ ಕಡೆ ತಿರುಗುತ್ತಿತ್ತು. ತನ್ನ ಕೈಗೆ ಕಾರ್ಖಾನೆಯ ಹುಳಿಹಿಟ್ಟಿನ ವಾಸನೆ ಅಂಟಿಕೊಂಡಿರಬೇಕು ಎಂದುಕೊಂಡು ಅವಳು ಸೋಪು ಬದಲಾಯಿಸಿದಳು. ಉಗುರು ಚುಚ್ಚುತ್ತದೇನೋ ಎಂದು ಬುಡದವರೆಗೂ ಕತ್ತರಿಸಿಕೊಂಡಳು. ಊರಿಗೆಲ್ಲ ಬ್ರೆಡ್ ಕಟ್ಟಿ ಕಳಿಸುವ ಈ ಕೈಯಿಂದ ಹೆತ್ತ ಮಗು ಒಂದು ತುತ್ತು ತಿನ್ನುವುದಿಲ್ಲವಲ್ಲ ಎಂದು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು, ಯಾರಿಗೂ ಕೇಳಿಸದಂತೆ ಅತ್ತಿದ್ದಳು. ಅಯ್ಯೋ... ಅದೆಷ್ಟು ಸೋಪು, ಅದೆಷ್ಟು ಕಣ್ಣೀರು! ಮಗುವಿನ ಹೊಟ್ಟೆ ತುಂಬಿತ್ತು, ಅಷ್ಟೇ.

ಅವಳು ಸದ್ದಿಲ್ಲದೆ ಹಿಂದಕ್ಕೆ ಸರಿದು, ಬೀದಿಗಳನ್ನು ಸುತ್ತಿ, ದಿನಾ ಬರುವ ಹೊತ್ತಿಗೇ ಮನೆಗೆ ಬಂದಳು. ತಟ್ಟೆ ಹಿಡಿದು ಕೂತಳು. ಮಗು ಅಜ್ಜಿಯ ಮುಖ ನೋಡಿ "ಬೇಡ" ಎಂದಿತು. ಅತ್ತೆ ನಿಟ್ಟುಸಿರು ಬಿಟ್ಟರು.

"ಏನ್ಮಾಡೋದಮ್ಮಾ! ನಿನ್ನ ಕೈ ಅವಳಿಗೆ ಹಿಡಿಸಲ್ಲ."

ಗಂಡ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುತ್ತಿದ್ದ. ಕಲಿಯುವವರು ತಪ್ಪಿದರೆ ತುಳಿಯಲೆಂದು ಅವನ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತಿತ್ತು. ಮನೆಯಲ್ಲಿ ಮಾತ್ರ, ಅಮ್ಮ ಎಷ್ಟೇ ಜೋರಾಗಿ ಓಡಿಸಲಿ, ಪುಣ್ಯಾತ್ಮ ಒಂದು ಸಲವಾದರೂ ಬ್ರೇಕ್ ತುಳಿದವನಲ್ಲ! ಅವಳು ಕಂಡದ್ದನ್ನೆಲ್ಲ ಹೇಳಿದಾಗ, "ಹಸಿದ ಮಗೂಗೆ ಊಟ ಹಾಕಿದ್ರೆ ಅದೂ ತಪ್ಪಾ? ಅಮ್ಮನ್ನ ಏನಂತ ಕೇಳ್ಲಿ ಹೇಳು?" ಎಂದ. ಅದೇ ಅತ್ತೆಯ ಜಾಣತನ. ಬೈದಿದ್ದರೆ ದೂರು ಹೇಳಬಹುದಿತ್ತು, ಹೊಡೆದಿದ್ದರೆ ತೋರಿಸಬಹುದಿತ್ತು. ಊಟ ಹಾಕಿದ್ದನ್ನು ಯಾರ ಮುಂದೆ ಹೇಳಿಕೊಳ್ಳುವುದು?

ಇದು ಬರೀ ತುತ್ತಿನ ಜಗಳವಾಗಿದ್ದರೆ ಅವಳು ಅದನ್ನೂ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಬೇರೊಂದು ಊರಿನಲ್ಲಿ ಕಾರ್ಖಾನೆಯ ಹೊಸ ಶಾಖೆ ತೆರೆಯುತ್ತಿತ್ತು, ಅಲ್ಲಿಯ ಪ್ಯಾಕಿಂಗ್ ಮೇಲ್ವಿಚಾರಣೆ ಅವಳಿಗೆ ಸಿಕ್ಕಿತ್ತು. ಗಂಡ ಅಲ್ಲಿಯೂ ಕಾರು ಕಲಿಸಬಹುದು ಎಂದು ಒಪ್ಪಿದ್ದ. ಅತ್ತೆ ಮಾತ್ರ, "ನೀವಿಬ್ಬರೂ ಹೋಗಿ. ಮಗು ಇಲ್ಲಿರ್ಲಿ. ತಾಯಿ ಕೈಯಲ್ಲಿ ಒಂದು ತುತ್ತು ತಿನ್ನದ ಕೂಸು ಅಲ್ಲಿ ಹೋಗಿ ಒಣಗಿಹೋಗುತ್ತೆ" ಎಂದು ಕಣ್ಣೊರೆಸಿಕೊಂಡಿದ್ದರು. ಗಂಡ ತಲೆಯಾಡಿಸಿದ್ದ. ತಲೆಯಾಡಿಸಿಬಿಟ್ಟಿದ್ದ!

ಅಷ್ಟರಲ್ಲಿ ನಾದಿನಿ ರಜೆಗೆ ಬಂದಳು. ಭಾನುವಾರ ಎಲ್ಲರೂ ಸೇರಿ ಊರಾಚೆಯ ಪ್ರಾಣಿಗಳ ತೋಟಕ್ಕೆ ಹೋಗುವುದೆಂದಾಯಿತು. ಮೇಕೆ, ಕುರಿ, ಮೊಲ, ಒಂದು ಮುದಿ ಕತ್ತೆ ಇರುವ ಜಾಗ ಅದು. ಬಾಗಿಲಲ್ಲಿ ಒಂದು ಬುಟ್ಟಿ ಗಜ್ಜರಿ, ಸೊಪ್ಪು ಕೊಡುತ್ತಾರೆ. ಕೈಯಾರೆ ತಿನ್ನಿಸಿ, ಮೈ ಸವರಿ ಬರಬಹುದು. ಹೋದ ವರ್ಷವೂ ಹೋಗಿದ್ದರು. ಆಗ ಸೊಸೆ ಬೆಳಗಿನ ಪಾಳಿ ಮುಗಿಸಿ ನೇರವಾಗಿ ಅಲ್ಲಿಗೇ ಹೋಗಿದ್ದಳು. ಅಷ್ಟು ಹೊತ್ತಿಗೆ ಪ್ರಾಣಿಗಳೆಲ್ಲ ಅತ್ತೆಯ ಬುಟ್ಟಿಯಿಂದ ಹೊಟ್ಟೆ ಬಿರಿಯೆ ತಿಂದು ಮಲಗಿದ್ದವು, ಇವಳ ಕೈಯನ್ನು ಒಂದೂ ಮೂಸಲಿಲ್ಲ. "ನೋಡಿದ್ರಾ! ಮಗೂನೂ ತಿನ್ನಲ್ಲ, ಮೇಕೇನೂ ತಿನ್ನಲ್ಲ!" ಎಂದು ಅತ್ತೆ ನಕ್ಕಿದ್ದರು. ಆ ನಗು ವರ್ಷಪೂರ್ತಿ ಅವಳ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು.

ಈ ಸಲ ಊಟಕ್ಕೆ ಕೂತಾಗ ಅತ್ತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. "ಮೂಕಪ್ರಾಣಿಗೆ ಒಳ್ಳೇ ಕೈ ಯಾವುದು ಅಂತ ಗೊತ್ತಾಗುತ್ತೆ. ಭಾನುವಾರ ಅವೇ ಹೇಳ್ಲಿ, ಪುಟ್ಟೀನ ಸಾಕೋ ಕೈ ಯಾವುದು ಅಂತ!"

ಎಲ್ಲರೂ ತಮಾಷೆಯೆಂದು ನಕ್ಕರು. ಸೊಸೆಯೂ ನಕ್ಕಳು. ಅವಳ ನಗುವನ್ನು ಯಾರಾದರೂ ಸರಿಯಾಗಿ ನೋಡಿದ್ದರೆ ಅಂದೇ ಹೆದರಿಕೊಳ್ಳುತ್ತಿದ್ದರು.

ಯಾಕೆಂದರೆ ಆ ತೋಟದ ಗುಟ್ಟು ಅವಳಿಗೆ ಗೊತ್ತಿತ್ತು. ಪ್ರಾಣಿಗಳನ್ನು ನೋಡಿಕೊಳ್ಳುವ ಮೀಸೆಯವನು ಮಾರಾಟವಾಗದೆ ಉಳಿದ ಬ್ರೆಡ್ಡಿನ ಮೂಟೆ ಒಯ್ಯಲು ಕಾರ್ಖಾನೆಗೆ ಬರುತ್ತಿದ್ದ. ಬಂದಾಗಲೆಲ್ಲ ಗೊಣಗುತ್ತಿದ್ದ. "ರಜಾದಿನ ಬೆಳಿಗ್ಗೆ ಮೇವೇ ಹಾಕೋ ಹಾಗಿಲ್ಲ ಅಕ್ಕಾ. ಹೊಟ್ಟೆ ತುಂಬಿದ್ರೆ ಜನರ ಹತ್ರ ಬರ್ತಾವಾ? ಯಜಮಾನರ ಕಟ್ಟಳೆ. ಹಸಿದು ಕೈ ನೆಕ್ಕಿದ್ರೆ, ಜನ ಪ್ರೀತಿ ಅಂದ್ಕೊಂಡು ಫೋಟೋ ತೆಗೀತಾರೆ!"

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು. ಭಾನುವಾರ, ಬೆಳಗಿನ ಪಾಳಿಯಿದೆ ಎಂದು ಹೇಳಿ ಅವಳು ನಸುಕಿನಲ್ಲೇ ಮನೆ ಬಿಟ್ಟಳು. ಹೋದದ್ದು ತೋಟಕ್ಕೆ. "ಇವತ್ತೊಂದು ದಿನ ಅವು ಹೊಟ್ಟೆ ತುಂಬಾ ತಿನ್ಲಿ ಅಣ್ಣಾ. ನಾನೇ ಹಾಕ್ತೀನಿ" ಎಂದಳು. ಮೀಸೆಯವನಿಗೂ ಅದೇ ಬೇಕಿತ್ತು. ಯಜಮಾನರು ಏಳುವುದೇ ಹೊತ್ತೇರಿದ ಮೇಲೆ ಎಂದು ಅವನು ಮೇವಿನ ಕೊಟ್ಟಿಗೆಯ ಬೀಗ ತೆಗೆದ. ಅವಳು ತೋಳು ತುಂಬ ಹುಲ್ಲು ತಬ್ಬಿಕೊಂಡು ಗೂಡಿನಿಂದ ಗೂಡಿಗೆ ನಡೆದಳು. ಮೇಕೆಗಳು ಮುಗಿಬಿದ್ದವು, ಮೊಲಗಳು ಕಾಲಿಗೆ ಅಡ್ಡಡ್ಡ ಬಂದವು. ಒಂದು ಬಿಳಿ ಮರಿ ಅವಳ ಬೆರಳುಗಳ ಸಂದಿಯಲ್ಲೆಲ್ಲ ನಾಲಗೆ ಹಾಕಿತು. "ತಿನ್ನಿ... ಇನ್ನೂ ತಿನ್ನಿ! ಬೇಗ ಬೇಗ ನುಂಗಿ, ಅಜ್ಜಿ ಬರೋ ಹೊತ್ತಾಯ್ತು!" ಎಂದು ಅವಳು ನಕ್ಕಳು. ನಗುತ್ತ ನಗುತ್ತಲೇ ಕಣ್ಣು ತುಂಬಿ ಬಂತು. ಎರಡು ವರ್ಷದಲ್ಲಿ ಅವಳ ಕೈಯಿಂದ ಒಂದು ಜೀವ ತಿಂದದ್ದು ಅದೇ ಮೊದಲು.

ಹೊತ್ತೇರಿದ ಮೇಲೆ ಮನೆಯವರು ಬಂದಿಳಿದರು. ಅವಳು ಆಗಷ್ಟೇ ಪಾಳಿ ಮುಗಿಸಿ ಬಂದವಳಂತೆ ಬಾಗಿಲ ಬಳಿ ಅವರನ್ನು ಸೇರಿಕೊಂಡಳು. ಅತ್ತೆ ಎಲ್ಲಕ್ಕಿಂತ ದೊಡ್ಡ ಬುಟ್ಟಿ ತೆಗೆದುಕೊಂಡು ಮೊಮ್ಮಗಳ ಕೈಹಿಡಿದು ಮುಂದೆ ನಡೆದರು. "ಬಾ ಬಾ ಬಾ... ಬಾರೋ ಕಂದಾ!" ಎಂದು ಗಜ್ಜರಿ ಚಾಚಿದರು. ಮೆಲುಕು ಹಾಕುತ್ತಿದ್ದ ಹೋತ ಒಮ್ಮೆ ನೋಡಿ ಕಣ್ಣು ಮುಚ್ಚಿತು. ಕುರಿಗಳತ್ತ ಹೋದರು. ಕುರಿಗಳು ಎದ್ದು ಆ ಬದಿಗೆ ಹೋಗಿ ಮಲಗಿದವು. ಮುದಿ ಕತ್ತೆಗೆ ಸೊಪ್ಪು ಹಿಡಿದರು. ಅದು ತಿರುಗಿ ನಿಂತು ಬಾಲ ತೋರಿಸಿತು. ಬಂದ ಬೇರೆ ಜನರ ಕೈಗೂ ಅವು ಬರಲಿಲ್ಲ, ನಿಜ. ಆದರೆ ಅವರು ಯಾರೂ ಪಂಥ ಕಟ್ಟಿ ಬಂದವರಲ್ಲ. ಗೊಣಗಿಕೊಂಡು ಉಯ್ಯಾಲೆಯ ಕಡೆ ಹೋದರು.

"ಅಮ್ಮಾ, ಒಳ್ಳೇ ಕೈ ಅವಕ್ಕೆ ಗೊತ್ತಾಗುತ್ತೆ ಅಂತಿದ್ಯಲ್ಲಾ!" ನಾದಿನಿ ಮೊಬೈಲು ಹಿಡಿದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅದೇ ಹೊತ್ತಿಗೆ ಆ ಬಿಳಿ ಮರಿ ಎಲ್ಲಿತ್ತೋ ಏನೋ, ಕುಣಿಯುತ್ತ ಬಂದು ಅತ್ತೆಯ ಬುಟ್ಟಿಯನ್ನು ದಾಟಿ ಸೊಸೆಯ ಮೊಣಕಾಲಿಗೆ ತಲೆ ಉಜ್ಜಿತು. ಅತ್ತೆಯ ಮುಖ ಕಪ್ಪಿಟ್ಟಿತು. ಬಗ್ಗಿ ಮರಿಯ ಕೊರಳು ಹಿಡಿದು ಬಾಯಿಗೆ ಗಜ್ಜರಿ ತುರುಕಲು ಹೋದರು. ಅದು ಮುಖ ತಿರುಗಿಸಿತು... ಥೇಟ್ ಪುಟ್ಟಿಯ ಹಾಗೆ!

ಸೊಸೆ ಈ ಗಳಿಗೆಗಾಗಿಯೇ ಕಾದಿದ್ದಳು. ಮೆಲ್ಲನೆ, ಸಕ್ಕರೆ ಬೆರೆಸಿದಂಥ ದನಿಯಲ್ಲಿ ಹೇಳಿದಳು.

"ಬಲವಂತ ಮಾಡಬೇಡಿ ಅತ್ತೆ. ಏನ್ಮಾಡೋದು... ಕೈ ಹಿಡಿಸಬೇಕಲ್ಲ!"

ಅತ್ತೆಯ ಕೈಯಿಂದ ಗಜ್ಜರಿ ಜಾರಿತು. ಕಣ್ಣಲ್ಲಿ ನೀರು ಬಂದೇಬಿಟ್ಟಿತು. ನಾದಿನಿ ನಗು ನಿಲ್ಲಿಸಿದಳು. ಆಗ ಪುಟ್ಟಿ ಓಡಿ ಬಂದು ಅಜ್ಜಿಯ ಸೊಂಟ ತಬ್ಬಿಕೊಂಡಿತು.

"ಅಳಬೇಡ ಅಜ್ಜೀ! ಅವಕ್ಕೆ ನೀನು ಇಷ್ಟ ಇಲ್ಲ ಅಂತಲ್ಲ. ಹೊಟ್ಟೆ ತುಂಬಿದೆ ಅಷ್ಟೇ. ಅಮ್ಮ ಬರೋಕೆ ಮುಂಚೆ ನೀನು ನಂಗೆ ತಿನ್ನಿಸಿಬಿಡ್ತೀಯಲ್ಲ, ಹಂಗೇ ಯಾರೋ ಇವಕ್ಕೂ ತಿನ್ನಿಸಿದಾರೆ. ಬೇಡ ಅನ್ನು ಅಂತ ಹೇಳ್ಕೊಟ್ಟಿದಾರೆ."

ಗಂಡ ಮಗಳ ಮುಂದೆ ಮಂಡಿಯೂರಿ ಕೂತ.

"ದಿನಾನೂ ಹಂಗೇ ಮಾಡ್ತಾರಾ ಪುಟ್ಟೀ?"

"ಹೂಂ. ಆಮೇಲೆ ಅಮ್ಮ ಕೊಟ್ರೆ ಹೊಟ್ಟೇಲಿ ಜಾಗಾನೇ ಇರಲ್ಲ. ಅಮ್ಮ ಬಚ್ಚಲಲ್ಲಿ ಅಳ್ತಾಳೆ. ನಂಗೆ ಕೇಳ್ಸುತ್ತೆ."

ಸೊಸೆ ಬೇಲಿ ಹಿಡಿದುಕೊಂಡಳು. ಮಗಳಿಗೆ ಕೇಳಿಸುತ್ತಿತ್ತು... ಅಷ್ಟು ಜೋರಾಗಿ ನಲ್ಲಿ ಬಿಟ್ಟಿದ್ದರೂ ಕೇಳಿಸುತ್ತಿತ್ತು!

ಗಂಡ ಎದ್ದ. ಅವನ ಮುಖ ಕೆಂಪೇರಿತ್ತು. ಹುಟ್ಟಿದ ಮೇಲೆ ಮೊದಲ ಸಲ ಅವನು ಬ್ರೇಕ್ ತುಳಿದ. "ಸಾಕಮ್ಮಾ. ಪುಟ್ಟಿ ನಮ್ಮ ಜೊತೆ ಬರ್ತಾಳೆ. ಇನ್ನೊಂದು ಮಾತು ಬೇಡ."

ಗೆದ್ದಳು. ಹಾಲು ಕುಡಿದಷ್ಟು ಸಂತೋಷವಾಗಬೇಕಿತ್ತು. ಕೈ ತೊಳೆಯಲು ನಲ್ಲಿಯ ಬಳಿ ಹೋದಾಗ ಅತ್ತೆ ಹಿಂದೆಯೇ ಬಂದರು, ಅವಳ ಕೂದಲಿನಿಂದ ಒಂದು ಹುಲ್ಲಿನ ಎಸಳು ತೆಗೆದು ಅಂಗೈಯಲ್ಲಿಟ್ಟು ನೋಡಿದರು.

"ಬೆಳಿಗ್ಗೆ ಎಷ್ಟು ಹೊತ್ತಿಗೆ ಬಂದೆ?"

"ನಿಮಗಿಂತ ಮುಂಚೆ. ನೀವು ಕಲಿಸಿದ ಪಾಠಾನೇ, ಅತ್ತೆ."

ಅತ್ತೆ ಕೂಗಾಡಲಿಲ್ಲ. ಮಗನನ್ನು ಕರೆಯಲೂ ಇಲ್ಲ. ತಗ್ಗಿದ ದನಿಯಲ್ಲಿ, "ಚಿಕ್ಕವನಿದ್ದಾಗ ನಿನ್ನ ಗಂಡ ನನ್ನ ಕೈಯಿಂದ ಒಂದು ತುತ್ತು ತಿಂದವನಲ್ಲ ಕಣೇ. ನಮ್ಮತ್ತೆ ಬಿಡ್ಲಿಲ್ಲ. ನಾನು ತಟ್ಟೆ ತರೋ ಹೊತ್ತಿಗೆ ಅವನು ತೇಗ್ತಾ ಇರ್ತಿದ್ದ... ಮೊಮ್ಮಗಳಾದ್ರೂ ತಿನ್ಲಿ ಅಂತ..." ಎಂದರು.

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕಾಲಿಗೆ ಬಿದ್ದು ಅಳುತ್ತಿದ್ದರೇನೋ. ಸೊಸೆಯ ಎದೆಯ ಬೆಂಕಿ ಇನ್ನೂ ಭುಗಿಲೆಂದಿತು.

"ಹಾಗಾದ್ರೆ ಆ ಉರಿ ಹೇಗಿರುತ್ತೆ ಅಂತ ನಿಮಗೆ ಗೊತ್ತಿತ್ತು! ಗೊತ್ತಿದ್ದೂ ಗೊತ್ತಿದ್ದೂ ಮಾಡಿದ್ರಲ್ಲಾ! ಗೊತ್ತಿಲ್ದೆ ಮಾಡಿದ್ರೆ ಇವತ್ತೇ ಮರೆತುಬಿಡ್ತಿದ್ದೆ ಅತ್ತೆ. ಇನ್ನು ಈ ಜನ್ಮದಲ್ಲಿ ಆಗಲ್ಲ!"

ಅತ್ತೆ ತಲೆ ತಗ್ಗಿಸಿ ನಿಂತರು. ಹುಲ್ಲಿನೆಸಳು ಅವರ ಮುಷ್ಟಿಯಲ್ಲೇ ಇತ್ತು.

ಹೊಸ ಊರಿಗೆ ಹೋದ ಮೇಲೆ ಪುಟ್ಟಿ ತಾಯಿಯ ಕೈಯಿಂದ ಉಣ್ಣುವುದು ದಿನದ ಮಾತಾಯಿತು. ತಿಂಗಳುಗಳು ಉರುಳಿದವು. ಅತ್ತೆ ಫೋನಿನಲ್ಲಿ ಮಗುವಿನ ಶಾಲೆಯ ವಿಚಾರ ಕೇಳುತ್ತಿದ್ದರು, ಊಟದ ವಿಚಾರ ಎತ್ತುತ್ತಿರಲಿಲ್ಲ. ಒಂದು ಶನಿವಾರ, ಮೊಮ್ಮಗಳನ್ನು ನೋಡಲು ಬರುತ್ತೇನೆಂದು ಹೇಳಿ ಕಳಿಸಿದರು. ಗಂಡ ಬಸ್ ನಿಲ್ದಾಣಕ್ಕೆ ಹೋದ.

ಪುಟ್ಟಿ ಆಟ ಮುಗಿಸಿ ಬಂದು "ಅಮ್ಮಾ, ಹಸಿವು!" ಎಂದಿತು. ಅವಳು ಅನ್ನ ಕಲಸಿ ಮೊದಲ ತುತ್ತು ಎತ್ತಿದಳು. ಬೀದಿಯ ತುದಿಯಲ್ಲಿ ಆಟೋ ನಿಂತ ಸದ್ದಾಯಿತು.

"ಬೇಗ ಬೇಗ ಬಾಯಿ ತೆಗಿ ಪುಟ್ಟೀ, ಅಜ್ಜಿ ಬರೋ ಹೊತ್ತಾ..."

ಮಾತು ಅರ್ಧಕ್ಕೇ ನಿಂತಿತು. ಮೇಕೆಗಳಿಗೆ ಹೇಳಿದಾಗ ನಗು ಬಂದಿತ್ತು. ಈಗ ಎದುರಿಗಿದ್ದದ್ದು ಅವಳದೇ ಕೂಸು. ಈ ಮಾತು ಅತ್ತೆಯ ಅತ್ತೆಯಿಂದ ಅತ್ತೆಗೆ, ಅತ್ತೆಯಿಂದ ತನಗೆ... ನಾಳೆ ಇನ್ನು ಯಾರ ಬಾಯಿಗೆ? ಎದುರಿಗೆ ಪುಟ್ಟಿ ಬಾಯಿ ತೆರೆದುಕೊಂಡೇ ಕಾಯುತ್ತಿತ್ತು. ತುತ್ತನ್ನು ತಟ್ಟೆಗೆ ಇಟ್ಟು ಮುಚ್ಚಿದಳು.

"ಅಮ್ಮಾ... ಹಸಿವು!"

"ಒಂಚೂರು ತಡ್ಕೋ ಕಂದಾ. ಅಜ್ಜಿ ಬರ್ಲಿ."

ಅತ್ತೆ ಒಳಗೆ ಬಂದು ಗೋಡೆಯ ಪಕ್ಕದಲ್ಲಿ, ಪರಕೀಯರಂತೆ ಚೀಲ ಹಿಡಿದುಕೊಂಡೇ ನಿಂತರು. ಸೊಸೆ ಅವರ ಮುಖ ನೋಡಲಿಲ್ಲ. ಮುಚ್ಚಿದ ತಟ್ಟೆಯನ್ನು ತಂದು ಮುಂದೆ ಹಿಡಿದಳು.

"ಕೈ ತೊಳ್ಕೊಳ್ಳಿ ಅತ್ತೆ. ಮಗು ಇನ್ನೂ ಉಂಡಿಲ್ಲ."

ಕ್ಷಮಿಸಿದಳೆಂದು ಯಾರೂ ತಿಳಿಯಬೇಡಿ. ಎದೆಯ ಮುಳ್ಳು ಅಲ್ಲೇ ಇತ್ತು, ಬಹುಶಃ ಸಾಯುವ ತನಕ ಇರುತ್ತದೆ. ಅತ್ತೆ ತಟ್ಟೆ ಇಸಿದುಕೊಂಡರು, ಕಣ್ಣೀರು ಅನ್ನದ ಮೇಲೆ ಬೀಳದಂತೆ ಮುಖ ಪಕ್ಕಕ್ಕೆ ಹಿಡಿದು ತುತ್ತು ಕಟ್ಟಿದರು. ಸೊಸೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ಮಗಳಿಗೆ ಕೇಳಿಸುತ್ತದೆ ಎಂದು ನೆನಪಾಗಿ, ಮತ್ತೆ ನಿಲ್ಲಿಸಿದಳು.