ಅವನ ಪಾಲಾದ ನೋಟ

"ಏಯ್ ಕತ್ತರಿ! ನಿನ್ನೇ ಕರೀತಿರೋದು... ಬಾ ಇಲ್ಲಿ!"

ಹೆಸ್ಟರ್ ವಾನೆಕ್ ಬೆಚ್ಚಿಬಿದ್ದಳು. ಅವಳು ಸ್ಟುಡಿಯೋದ ಎಡಿಟರ್. ಯಾವ ಶಾಟ್ ಇಡಬೇಕು ಎಂದು ನಿರ್ದೇಶಕರನ್ನು ಕೇಳಲು ಬಂದವಳು, ಬಂದ ತಪ್ಪಿಗೆ ಸಿಕ್ಕಿಹಾಕಿಕೊಂಡಳು.

ಚಿತ್ರದ ನಾಯಕಿ ತಲೆನೋವೆಂದು ಮನೆಗೆ ಹೊರಟುಹೋಗಿದ್ದಳು. ದೊಡ್ಡ ತಾರೆಯರಿಗೆ ತಲೆನೋವು ಬರುವುದೇ ಬೇರೆಯವರ ಕ್ಲೋಸಪ್ ತೆಗೆಯುವಾಗ! ಈಗ ಅವಳ ಗೆಳತಿಯ ಪಾತ್ರಧಾರಿಗೆ ದಿಟ್ಟಿಸಲು ಕ್ಯಾಮೆರಾ ಪಕ್ಕದಲ್ಲಿ ಯಾರಾದರೂ ನಿಲ್ಲಬೇಕಿತ್ತು.

"ನೀನೇ ನಾಯಕಿ ಅಂದ್ಕೊ. ಸುಮ್ನೆ ನಿಂತ್ಕೊ," ಎಂದರು ನಿರ್ದೇಶಕರು.

ದೀಪಗಳ ನಡುವೆ ಕೂತಿದ್ದ ಆ ಗೆಳತಿಯ ಪಾತ್ರಧಾರಿ ಲಿಯೋನಿ ವೇಲ್ ಮೆಲ್ಲಗೆ ನಕ್ಕಳು. "ತಪ್ಪು ತಿಳ್ಕೋಬೇಡಿ. ಸ್ವಲ್ಪ ಜಾಸ್ತಿನೇ ನೋಡ್ತೀನಿ."

"ನೋಡಿ, ನೋಡಿ. ದೃಷ್ಟಿ ತಾಗೋವಷ್ಟು ಚಂದ ನಾನೇನಿಲ್ಲ."

"ಅದನ್ನ ನಾನು ಹೇಳ್ಬೇಕು," ಎಂದಳು ಲಿಯೋನಿ.

ಕ್ಯಾಮೆರಾ ಓಡತೊಡಗಿತು. ಲಿಯೋನಿ ಕಣ್ಣೆತ್ತಿದಳು.

ಅಯ್ಯೋ... ಹೆಸ್ಟರ್‌ಗೆ ಉಸಿರಾಡುವುದೇ ಮರೆತುಹೋಯಿತು. ದಿನವಿಡೀ ಮುಖಗಳನ್ನು ಕತ್ತರಿಸಿ ಜೋಡಿಸುವವಳು ಅವಳು, ಸುಳ್ಳು ನೋಟ ಯಾವುದು, ನಿಜವಾದದ್ದು ಯಾವುದು ಎಂದು ಬಲ್ಲಳು. ಇದು ನಟನೆಯಲ್ಲ! 'ದೇವರೇ, ಇವಳು ನನ್ನನ್ನೇ ನೋಡುತ್ತಿದ್ದಾಳೆ...'

ಅಲ್ಲಿಂದ ಶುರುವಾಯಿತು. ಸ್ಟುಡಿಯೋ ಎದುರಿನ ಅಂಗಡಿಯಲ್ಲಿ ಒಂದೇ ತಟ್ಟೆಯಲ್ಲಿ ಚೆರಿ ಪೈ, ಭಾನುವಾರ ಸಾಂಟಾ ಮೋನಿಕಾ ಕಡಲತೀರ, ಟ್ರಾಮಿನಲ್ಲಿ ಕೋಟಿನ ಮರೆಯಲ್ಲಿ ಬೆರಳಿಗೆ ಬೆರಳು. ಆದರೆ ಬಾಯಿಬಿಟ್ಟು ಒಬ್ಬರೂ ಏನೂ ಹೇಳಲಿಲ್ಲ. ಹೇಳಲು ಆ ಊರಿನಲ್ಲಿ ಜಾಗವಾದರೂ ಎಲ್ಲಿತ್ತು?

ಅದು ಮೂವತ್ತಾರನೇ ಇಸವಿಯ ಹಾಲಿವುಡ್. ನೀತಿ ಕಚೇರಿಯ ಮುದ್ರೆ ಬೀಳದೆ ಯಾವ ಚಿತ್ರವೂ ಥಿಯೇಟರ್ ಕಾಣುವಂತಿರಲಿಲ್ಲ. ಹೆಣ್ಣನ್ನು ಪ್ರೀತಿಸುವ ಹೆಣ್ಣು, ಗಂಡನ್ನು ಪ್ರೀತಿಸುವ ಗಂಡು ತೆರೆಯ ಮೇಲೆ ಇರಲೇಕೂಡದು. ಕಣ್ತಪ್ಪಿಸಿ ನುಸುಳಿದರೂ ನಗೆಪಾಟಲಾಗಬೇಕು, ಇಲ್ಲವೇ ಕೊನೆಯ ರೀಲಿನಲ್ಲಿ ಸಾಯಬೇಕು. ಈ ಚಿತ್ರದಲ್ಲೂ ಲಿಯೋನಿಯ ಪಾತ್ರ ಹೊಳೆಗೆ ಬೀಳುತ್ತಿತ್ತು. ಹಾಗಿದ್ದೂ ಚಿತ್ರ ನೋಡಲು ನೀತಿ ಕಚೇರಿಯಿಂದ ಬಂದವನು ಮುಖ ಸಿಂಡರಿಸಿದ.

"ಆ ಕ್ಲೋಸಪ್ ತೆಗೀರಿ. ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸನ್ನ ಹಾಗೆ ನೋಡಲ್ಲ."

ನಿರ್ಮಾಪಕ ಕೆಲ್ಲರ್ ಹೆಸ್ಟರ್ ಕಡೆ ತಿರುಗಿದ. "ಕೇಳಿಸ್ತಲ್ಲ? ಕತ್ತರಿಸಿ, ಹಳೇ ಫಿಲ್ಮಿಂದ ಬೆಳ್ಳಿ ತೆಗೆಯೋರಿಗೆ ಕಳಿಸು, ಕರಗಿಸ್ಲಿ."

ಕರಗಿಸುವುದೇ! ಹೆಸ್ಟರ್ ರೀಲಿನ ಮೇಲೆ ಕೈಯಿಟ್ಟಳು. ಜಗತ್ತಿನಲ್ಲಿ ಯಾರಾದರೂ ತನ್ನನ್ನು ಹಾಗೆ ನೋಡಿದ್ದರೆ ಅದು ಆ ತುಂಡು ಫಿಲ್ಮಿನಲ್ಲಿ ಮಾತ್ರ...

"ಸಾರ್, ತಡೀರಿ," ಎಂದುಬಿಟ್ಟಳು. "ಅದರ ಪಕ್ಕ ನಾಯಕಿಯ ಶಾಟ್ ಬೇಡ. ಹೀರೋ ಬಾಗಿಲಲ್ಲಿ ಬಂದು ನಿಲ್ಲೋದನ್ನ ಹಾಕ್ತೀನಿ. ಆಗ ಅವಳು ಅವನನ್ನೇ ನೋಡಿದ ಹಾಗೆ ಕಾಣುತ್ತೆ."

ಜೋಡಿಸಿ ತೋರಿಸಿದಳು. ಅದೇ ಕಣ್ಣು, ಅದೇ ಆಸೆ. ಆದರೆ ಈಗ ಎಲ್ಲವೂ ಬಾಗಿಲಲ್ಲಿ ನಿಂತ ರೆಕ್ಸ್ ಡನ್‌ಮೋರ್ ಎಂಬ ಹೀರೋನ ಪಾಲಾಗಿತ್ತು.

"ಈಗ ನೋಡಿ, ಎಷ್ಟು ಮರ್ಯಾದೆಯಾಗಿದೆ!" ಎಂದ ಕಚೇರಿಯವನು.

ಉಳಿಸಿಕೊಂಡೆ ಎಂದು ಹೆಸ್ಟರ್ ಒಳಗೊಳಗೇ ಕುಣಿದಳು. ಪಾಪ, ಅವಳಿಗೇನು ಗೊತ್ತು!

ಚಿತ್ರವನ್ನು ಮೊದಲ ಬಾರಿ ಜನರಿಗೆ ತೋರಿಸಿದ ಮಾರನೆಯ ಬೆಳಿಗ್ಗೆ ಎಡಿಟಿಂಗ್ ರೂಮಿನ ಬಾಗಿಲು ದಡಾರನೆ ತೆರೆಯಿತು. ಲಿಯೋನಿ! ಕಣ್ಣು ಕೆಂಡವಾಗಿತ್ತು.

"ನನ್ನ ನೋಟಾನ ಅವನಿಗೆ ಕೊಟ್ಟುಬಿಟ್ಟೆಯಲ್ಲೇ!"

"ಲಿಯೋನಿ, ಕೇಳು..."

"ಏನ್ ಕೇಳೋದು? ಜನ ಸಿಳ್ಳೆ ಹೊಡೆದ್ರು. ಎಂಥಾ ಜೋಡಿ ಅಂದ್ರು. ಶನಿವಾರ ನನಗೂ ರೆಕ್ಸ್‌ಗೂ ಮದುವೆ ಅಂತ ಕೆಲ್ಲರ್ ಆಗಲೇ ಪೇಪರಿನವರಿಗೆ ಹೇಳಿಯಾಯ್ತು! ಇಷ್ಟು ದಿನ ನನ್ನ ಬಗ್ಗೆ ಗುಸುಗುಸು ಅನ್ನೋರ ಬಾಯಿ ಮುಚ್ಚಿಸೋಕೆ ದಾರಿ ಹುಡುಕ್ತಿದ್ದ. ದಾರಿ ಮಾಡಿಕೊಟ್ಟೋಳು ನೀನು!"

ಹೆಸ್ಟರ್ ಕುರ್ಚಿಗೆ ಕುಸಿದಳು. 'ನನ್ನ ಕೈಯಾರೆ... ನಾನೇ ಜೋಡಿಸಿದೆನಲ್ಲ!'

"ಕರಗಿಸ್ತೀವಿ ಅಂದ್ರು ಕಣೇ," ಎಂದಳು. "ಅದೊಂದು ಹೋದ್ರೆ ನನಗೆ ಏನೂ ಉಳೀತಿರಲಿಲ್ಲ. ನಿನ್ನನ್ನ ಕೊಟ್ಟಿದ್ದಲ್ಲ, ಬಚ್ಚಿಟ್ಟಿದ್ದು."

ಲಿಯೋನಿಯ ಸಿಟ್ಟು ಇಳಿದುಹೋಯಿತು. ಇಳಿದ ಮೇಲೆ ಕಣ್ಣೀರಲ್ಲದೆ ಬೇರೇನೂ ಉಳಿಯಲಿಲ್ಲ. ಫಿಲ್ಮಿನ ಡಬ್ಬಗಳ ನಡುವೆ ನೆಲದ ಮೇಲೆಯೇ ಕೂತುಬಿಟ್ಟಳು.

"ಹುಚ್ಚಿ... ಕರಗಿಹೋದ್ರೂ ಅದು ನಿನ್ನದೇ ಆಗಿರ್ತಿತ್ತಲ್ಲೇ."

"ಓಡಿಹೋಗೋಣ್ವಾ?"

"ಎಲ್ಲಿಗೆ? ಮದುವೆ ಬೇಡ ಅಂದ್ರೆ ನಡತೆ ಸರಿಯಿಲ್ಲ ಅಂತ ಕಾಂಟ್ರಾಕ್ಟ್ ಹರೀತಾರೆ. ಯಾಕೆ ಅಂತ ಪೇಪರಿಗೂ ಹೇಳ್ತಾರೆ. ಆಮೇಲೆ ನಿನ್ನ ಹೆಸರೂ ಬರುತ್ತೆ. ನಮ್ಮೂರು ತುಲ್ಸಾದಲ್ಲಿ ಅಮ್ಮ ಚರ್ಚಿಗೆ ಹೋಗೋದು ಹೇಗೆ?"

"ರೆಕ್ಸ್ ಏನಂತಾನೆ?"

"ಅವನಾ? ಅವನ ಜೀವ ಇರೋದು ಅವನ ಡ್ರೈವರ್ ಹತ್ರ. ಪಾಪ, ಅವನೂ ನಮ್ಮ ಹಾಗೇ. ರಾತ್ರಿ ಇಬ್ರೂ ಕೂತು ಅತ್ವಿ." ಲಿಯೋನಿ ಮೂಗೊರೆಸಿಕೊಂಡಳು. "ಸಿನಿಮಾದಲ್ಲಿ ಹೊಳೆ, ನಿಜದಲ್ಲಿ ಮದುವೆ. ಹೊಳೇನೇ ವಾಸಿ ಅನ್ಸುತ್ತೆ."

"ಹಾಗೆಲ್ಲ ಮಾತಾಡ್ಬೇಡ!"

ಹೆಸ್ಟರ್ ಅವಳ ಪಕ್ಕ ಕೂತಳು. ಅತ್ತಳು. ತಪ್ಪಾಯಿತು ಎಂದರೆ ಸಾಲದು, ತಿದ್ದಲು ದಾರಿಯಿಲ್ಲ. ಚಿತ್ರದ ಪ್ರತಿಗಳು ಆಗಲೇ ಊರೂರಿಗೆ ರೈಲು ಹತ್ತಿದ್ದವು.

"ಮದುವೆಗೆ ಬರಬೇಡ," ಎಂದಳು ಲಿಯೋನಿ. "ನೀನು ಬಂದ್ರೆ ಪಾದ್ರಿ ಕೇಳಿದಾಗ ನನಗೆ 'ಹೂಂ' ಅನ್ನೋಕಾಗಲ್ಲ."

"ಹಾಗಾದ್ರೆ ಬಂದೇ ಬರ್ತೀನಿ."

ಲಿಯೋನಿಗೆ ಅಳುವಿನ ನಡುವೆಯೇ ನಗು ಬಂತು. "ಬೇಡ ಕಣೇ. ನಿನ್ನ ಕೆಲಸ ಹೋಗುತ್ತೆ."

"...ಸರಿ. ಬರಲ್ಲ."

ಹೊರಗಿನಿಂದ ಯಾರೋ ಕೂಗಿದರು. "ಮಿಸ್ ವೇಲ್! ಮದುವೆ ಗೌನಿನ ಅಳತೆ ನೋಡ್ಬೇಕಂತೆ, ಬೇಗ ಬನ್ನಿ!"

ಇಬ್ಬರೂ ಅಲುಗಲಿಲ್ಲ.

"ಹೆಸ್ಟರ್... ಇಷ್ಟು ದಿನ ಇಬ್ರೂ ಹೇಳಲಿಲ್ಲ. ಈಗಾದ್ರೂ ಹೇಳು. ಇಲ್ಲಿ ಕತ್ತರಿಸೋರು ಯಾರೂ ಇಲ್ಲ."

ಹೆಸ್ಟರ್ ಅವಳ ಕಿವಿಗೆ ತುಟಿ ತಾಗಿಸಿದಳು. "ನಿನ್ನನ್ನ ಪ್ರೀತಿಸ್ತೀನಿ."

"ನಾನೂನೂ. ಆವತ್ತು ಕ್ಯಾಮೆರಾ ನಿಂತ ಮೇಲೂ ನೋಡ್ತಾನೇ ಇದ್ದೆ."

"ಮಿಸ್ ವೇಲ್!"

"ಬಂದೆ!" ಎಂದು ಬಾಗಿಲ ಕಡೆ ಕೂಗಿದ ಲಿಯೋನಿ, ಹೆಸ್ಟರ್‌ಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಇನ್ನೊಂದ್ ಸಲ ಹೇಳು."

ಹೆಸ್ಟರ್ ಹೇಳಿದಳು.