ಗೋಜೋ ದ್ವೀಪದಲ್ಲಿ ಓದಿದ ಹೆಸರು

೨೦೧೨ರ ನವೆಂಬರ್ ೧೦, ಶನಿವಾರ ಬೆಳಿಗ್ಗೆ ಕುವೈತಿನ ಸಾಲ್ಮಿಯಾದ ಠಾಣೆಗೆ ಒಂದು ದೂರು ಬಂತು. ನಾಲ್ಕನೆಯ ಮಹಡಿಯ ಫ್ಲ್ಯಾಟೊಂದರಿಂದ ಕೆಟ್ಟ ವಾಸನೆ ಬರುತ್ತಿದೆ, ಮನೆಯವರು ಪ್ರವಾಸದಲ್ಲಿದ್ದಾರೆ. ದೂರು ಕೊಟ್ಟವನು ಕಟ್ಟಡದ ಈಜಿಪ್ಟಿನ ಕಾವಲುಗಾರ. ಅವನನ್ನು ದಬಾಯಿಸಿ ಕಳಿಸಿದವಳು ಪಕ್ಕದ ಫ್ಲ್ಯಾಟಿನ ಆಚುಮ್ಮ.

ಕ್ಯಾಪ್ಟನ್ ಬದರ್ ಬಾಗಿಲು ಒಡೆಸಿದರು. ಅಡುಗೆಮನೆಯ ಹಿಂದೆ ಕಿಟಕಿಯಿಲ್ಲದ ಒಂದು ಸ್ಟೋರ್ ರೂಮ್, ಅದಕ್ಕೆ ಹೊರಗಿನಿಂದ ಚಿಲಕ. ಒಳಗೆ ಅಕ್ಕಿಮೂಟೆ, ಹಳೆಯ ಸೂಟ್‌ಕೇಸುಗಳ ನಡುವೆ ಚಾಪೆಯ ಮೇಲೆ ಮನೆಗೆಲಸದ ಜೂಲಿಯಾನಾಳ ಹೆಣ. ಪಂಚನಾಮೆ ಬರೆಯುತ್ತಿದ್ದ ಕಾನ್‌ಸ್ಟೇಬಲ್ ಎರಡು ಸಲ ಹೊರಗೋಡಿ ವಾಂತಿ ಮಾಡಿಕೊಂಡು ಬಂದ. ಆದರೆ ಈ ಪ್ರಕರಣದಲ್ಲಿ ನಿಜವಾಗಿ ಹೊಟ್ಟೆ ತೊಳಸುವಂಥದ್ದು ಆ ಕೋಣೆಯಲ್ಲಿರಲಿಲ್ಲ. ಅದು ಮರುದಿನ ವಿಮಾನದಿಂದ ಇಳಿಯಿತು.

ಠಾಣೆಯ ದುಭಾಷಿ ರೋಕ್ ಕಿನ್ನಿಗೋಳಿ ಕಡೆಯವನು. ಅವನು ಆಚುಮ್ಮನನ್ನು ವಿಚಾರಿಸಿದ.

"ಏನಾದರೂ ಸದ್ದು ಕೇಳಿತ್ತಾ?"

"ಕೇಳಿತ್ತು ಮಗಾ. ಹೋದ ಶನಿವಾರ ಮಧ್ಯಾಹ್ನ ಗೋಡೆಗೆ ಟಕ್ ಟಕ್ ಅಂತ ಹೊಡೀತಾ ಇತ್ತು."

"ಶನಿವಾರವೇ?"

"ಮೂರನೇ ತಾರೀಕು. ಮಗಳು ಫಿದಾ ದುಬೈಯಿಂದ ಬಂದ ದಿನ, ಮರೀಲಿಕ್ಕುಂಟಾ? ಯಾರೋ ಮೊಳೆ ಹೊಡೀತಾರೆ ಅಂತ ನಾನೂ ಗೋಡೆ ಕುಟ್ಟಿ ಬೈದೆ. ಯಾ ಅಲ್ಲಾಹ್, ಬೈದೆ ನಾನು!"

ಭಾನುವಾರ ಆ ಮನೆಯ ದಂಪತಿ ಬಂದಿಳಿದರು. ಮಥಾಯಸ್ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಇಂಜಿನಿಯರ್; ಹೆಂಡತಿ ಕ್ಯಾಥರಿನ್. ಇಬ್ಬರೂ ರೋಕ್‌ನ ಹಾಗೆ ಕರಾವಳಿಯ ಕೊಂಕಣಿ ಕ್ರೈಸ್ತರು. ಕೊಂಕಣಿಯಲ್ಲಿ ಮಾತಾಡಿದರೆ ಮನೆಯವರ ಮಾತಾಗಿಬಿಡುತ್ತದೆಂದು ರೋಕ್ ಕನ್ನಡವನ್ನೇ ಹಿಡಿದುಕೊಂಡ.

"ಯಾವಾಗ ಹೊರಟಿರಿ?"

"ಒಂದನೇ ತಾರೀಕು, ಗುರುವಾರ. ಅವಳು ಚೆನ್ನಾಗಿಯೇ ಇದ್ದಳು. ಮನೆ ಕೀ ಅವಳ ಹತ್ರವೇ ಕೊಟ್ಟು ಹೋದದ್ದು" ಎಂದ ಮಥಾಯಸ್.

"ಚಿಲಕ ಹಾಕಿದ್ದು ಯಾರು?"

"ಆ ಚಿಲಕ ಲೂಸ್ ಉಂಟು. ಬಾಗಿಲು ಎಳೆದರೆ ತಾನಾಗಿ ಬೀಳ್ತದೆ."

ಮೈಮೇಲೆ ಗಾಯವಿಲ್ಲ, ಕಾಮಾಲೆ ವಿಪರೀತಕ್ಕೆ ಹೋಗಿತ್ತು, ನೀರಿಲ್ಲದೆ ಒಣಗಿದ್ದಾಳೆ ಎಂದರು ವೈದ್ಯರು. ಆಕಸ್ಮಿಕ ಸಾವೆಂದು ಬರೆದರೆ ಅಲ್ಲಿಗೆ ಖಲಾಸ್. ಜೂಲಿಯಾನಾ ಪೆಟ್ಟಿಗೆಯಲ್ಲಿ ಊರಿಗೆ, ಇವರು ಮನೆಗೆ.

ಯಾವ ದಿನ ಎಲ್ಲಿದ್ದಿರಿ ಹೇಳಿ ಎಂದರು ಕ್ಯಾಪ್ಟನ್. ಅಷ್ಟು ಕೇಳಿದ್ದೇ ತಡ, ಕ್ಯಾಥರಿನ್ ಮುಖ ಅರಳಿತು. ಮೊಬೈಲ್ ತೆಗೆದಳು. ಮಾಲ್ಟಾದ ಪಕ್ಕದ ಗೋಜೋ ದ್ವೀಪ, ಅದರ ಪುಟ್ಟ ಪಟ್ಟಣ. ಫೆರಿಯಲ್ಲಿ ಇಬ್ಬರೂ. ಕೋಟೆಯ ಗೋಡೆಯ ಮೇಲೆ ಇಬ್ಬರೂ. ಕಡಲಂಚಿನ ಬಂಡೆಯಲ್ಲಿ ಕೊರೆದ ಉಪ್ಪಿನ ಮಡಿಗಳ ನಡುವೆ ಹುಲ್ಲುಟೋಪಿ ಹಾಕಿಕೊಂಡು ಅವಳು. ತಟ್ಟೆ ತುಂಬ ಸುಟ್ಟ ಮೀನು.

"ಎಷ್ಟು ಪೀಸ್‌ಫುಲ್ ಗೊತ್ತುಂಟಾ ಅಲ್ಲಿ! ಗಲ್ಲಿಗಲ್ಲಿಯಲ್ಲಿ ಅಜ್ಜಿಯಂದಿರು ಲೇಸ್ ಹೆಣೀತಾ ಕೂತಿರ್ತಾರೆ."

ನಾಚಿಕೆ ಎನ್ನುವುದು ಇವಳ ಹತ್ತಿರ ಸುಳಿದದ್ದೇ ಇಲ್ಲವೇನೋ. ರೋಕ್ ಹಲ್ಲು ಕಚ್ಚಿ ಅರಬಿಗೆ ತಿರುಗಿಸುತ್ತಾ ಹೋದ.

"ಇದು ನೋಡಿ, ಎರಡನೇ ತಾರೀಕು ಸಂಜೆ, ವಿಡಿಯೋ. ಅಲ್ಲಿಯ ಸಣ್ಣ ಇಗರ್ಜಿ. ನಾವು ಕೊಟ್ಟ ಹೆಸರನ್ನು ಆ ಪಾದ್ರಿ ಓದಿದ್ರು! ಆ ಊರಲ್ಲಿ ನಮ್ಮವರ ಹೆಸರು!"

ಮುದಿ ಪಾದ್ರಿ ತಡವರಿಸುತ್ತಾ ಓದುತ್ತಿದ್ದರು: ಸಿಲ್ವೆಸ್ಟರ್, ಸೆವ್ರಿನ್, ಜೂಲಿಯಾನಾ.

ರೋಕ್ ವಿಡಿಯೋವನ್ನು ಹಿಂದಕ್ಕೆ ಎಳೆದು ಮತ್ತೆ ಕೇಳಿಸಿಕೊಂಡ. ನವೆಂಬರ್ ಎರಡು ಕ್ರೈಸ್ತರಿಗೆ ಸತ್ತವರ ದಿನ; ತೀರಿಹೋದವರ ಹೆಸರು ಕೊಟ್ಟರೆ ಪಾದ್ರಿ ಪೂಜೆಯಲ್ಲಿ ಓದುತ್ತಾರೆ. ಅಂದೇ ಸಂಜೆ ಕುವೈತಿನ ಚರ್ಚಿನಲ್ಲಿ ಅವನು ತನ್ನ ತಾಯಿಯ ಹೆಸರು ಕೊಟ್ಟಿದ್ದ. ಬದುಕಿರುವವರ ಹೆಸರನ್ನು ಆ ದಿನ ಯಾರೂ ಕೊಡುವುದಿಲ್ಲ.

"ಸಿಲ್ವೆಸ್ಟರ್ ಯಾರು?"

"ನನ್ನ ಪಪ್ಪ. ತೀರಿಹೋಗಿ ಎಂಟು ವರ್ಷ."

"ಸೆವ್ರಿನ್?"

"ನನ್ನ ಅತ್ತೆ. ಅವರೂ ಇಲ್ಲ."

"ಮೂರನೆಯವಳು?"

ಕ್ಯಾಥರಿನ್ ಮೊಬೈಲ್ ಮಡಿಲಿಗೆ ಇಳಿಸಿದಳು. ಮಥಾಯಸ್ ಮೆಲ್ಲಗೆ ಕೊಂಕಣಿಗೆ ಇಳಿದ. ನೀನು ನಮ್ಮವನೇ ಅಲ್ಲವಾ ರೋಕ್ ಬಾಬ್, ಅದನ್ನೆಲ್ಲ ಇವರಿಗೆ ಹೇಳಲೇಬೇಕಾ ಎಂದ. ರೋಕ್ ವಿಡಿಯೋದ ಅರ್ಥವನ್ನು ಕ್ಯಾಪ್ಟನ್‌ಗೆ ವಿವರಿಸಿ, ಈ ಮಾತನ್ನೂ ಒಂದಕ್ಷರ ಬಿಡದೆ ಅರಬಿಯಲ್ಲಿ ಹೇಳಿದ.

"ಅವಳು ಸತ್ತಿದ್ದಾಳೆಂದು ಎರಡನೇ ತಾರೀಕಿಗೇ ನಿಮಗೆ ಹೇಗೆ ಗೊತ್ತಾಯಿತು?" ಕ್ಯಾಪ್ಟನ್ ಕೇಳಿದರು.

ಮಥಾಯಸ್ ಬಾಯಿಬಿಟ್ಟ. "ಒಂದು ವಾರದಿಂದ ಜ್ವರ, ವಾಂತಿ. ಹೊರಡುವ ದಿನ ಕರೆದರೆ ಮಾತಾಡಲಿಲ್ಲ. ಹೋಯಿತು ಅಂತ ಎಣಿಸಿದೆವು."

"ಮುಟ್ಟಿ ನೋಡಿದಿರಾ?"

"ಇಲ್ಲ. ಫ್ಲೈಟಿಗೆ ಲೇಟಾಗಿತ್ತು."

"ಚಿಲಕ?"

"ವಾಸನೆ ಹೊರಗೆ ಬರಬಾರದಲ್ಲ, ಅದಕ್ಕೆ. ಬಂದ ಮೇಲೆ ಏನಾದರೂ ಮಾಡುವ ಅಂತ."

ಕ್ಯಾಪ್ಟನ್ ಆಚುಮ್ಮನ ಹೇಳಿಕೆಯನ್ನು ಅವರ ಮುಂದೆ ಇಟ್ಟರು. ಶನಿವಾರ, ಮೂರನೇ ತಾರೀಕು, ಗೋಡೆಗೆ ಬಡಿತ. ರೋಕ್ ಅದನ್ನು ಕನ್ನಡದಲ್ಲಿ ಓದಿ ಹೇಳಿದ. ಕ್ಯಾಥರಿನ್ ಶಿಲುಬೆಯ ಗುರುತು ಹಾಕಿಕೊಂಡಳು.

ಅದೇ ದಿನ ಇಬ್ಬರನ್ನೂ ಬಂಧಿಸಲಾಯಿತು. ಅವರು ಹೀಗೆ ಮಾಡಿದ್ದಕ್ಕೆ ಕಾರಣ ದೊಡ್ಡದೇನಲ್ಲ. ಜೂಲಿಯಾನಾಳ ವಾಸದ ಪರವಾನಗಿ, ಅಂದರೆ ಇಕಾಮಾ, ಅವಳನ್ನು ಕರೆಸಿಕೊಂಡ ಬೇರೊಬ್ಬ ಕಫೀಲ್‌ನ ಹೆಸರಲ್ಲಿತ್ತು, ಅದೂ ಮುಗಿದಿತ್ತು. ಆಸ್ಪತ್ರೆಗೆ ಒಯ್ದಿದ್ದರೆ ಪೊಲೀಸರು ಬರುತ್ತಿದ್ದರು, ಪ್ರವಾಸ ನಿಲ್ಲುತ್ತಿತ್ತು. ಅದು ಅವರ ಮದುವೆಯ ಬೆಳ್ಳಿಹಬ್ಬದ ಪ್ರವಾಸ.

ಮುಂದಿನ ಶುಕ್ರವಾರ ರೋಕ್ ಚರ್ಚಿಗೆ ಹೋಗಿ ಜೂಲಿಯಾನಾಳ ಹೆಸರು ಕೊಟ್ಟ. ಸತ್ತ ಮೇಲೆ ಅವಳ ಹೆಸರನ್ನು ಇನ್ನೂ ಯಾರೂ ಕೊಟ್ಟಿರಲಿಲ್ಲ.